ಮೂವರಿಗೆ ಒಂದು ರೂಮು: ಪ್ಯಾರಿಸ್‌ನಿಂದ ವಿಯೆನ್ನಾವರೆಗೆ

ಯೂರೋಪಿನಲ್ಲಿ ಹೋಟೆಲ್ ಮೊದಲೇ ಬುಕ್ ಮಾಡಬೇಕಾ, ಹೋದಲ್ಲಿ ನೋಡಿಕೊಂಡರೆ ಸಾಕಾ? ಹೊರಡುವ ಮುಂಚೆ ನಮ್ಮ ಮನೆಯಲ್ಲಿ ಇದೇ ಮಾತು. ನಮ್ಮ ಯಜಮಾನರದ್ದು 'ಹೋದಲ್ಲಿ ನೋಡ್ಕೊಳ್ಳೋಣ ಬಿಡು' ಅನ್ನುವ ವಾದ. ಸಕಲೇಶಪುರ, ಚಿಕ್ಕಮಗಳೂರು ಅಂತ ಕಾರಿನಲ್ಲಿ ಸುತ್ತುವಾಗ ನಾವು ಹಾಗೇ ಮಾಡುವುದು. ಆದರೆ ಈ ಸಲ ಜೊತೆಗೆ ಅತ್ತೆ ಬರುವವರಿದ್ದರು. ವಯಸ್ಸು ಎಪ್ಪತ್ತು ದಾಟಿದೆ, ಮಂಡಿ ನೋವು ಬೇರೆ. ಗೊತ್ತಿಲ್ಲದ ಊರಿನಲ್ಲಿ ಪೆಟ್ಟಿಗೆ ಎಳೆದುಕೊಂಡು ರೂಮು ಹುಡುಕುವುದು ಅವರಿಂದ ಆಗದ ಮಾತು.

ಅರ್ಧ ವಾದವನ್ನು ವೀಸಾವೇ ಮುಗಿಸಿತು. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ 90 ಯೂರೋ ಶುಲ್ಕ ಕಟ್ಟಬೇಕು. ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ಅದರ ಜೊತೆಗೆ ಅಲ್ಲಿರುವಷ್ಟು ದಿನ ಎಲ್ಲಿ ಉಳಿಯುತ್ತೇವೆ ಅನ್ನುವುದಕ್ಕೂ ಕಾಗದ ತೋರಿಸಬೇಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೇವೋ ಆ ದೇಶಕ್ಕೇ ಅರ್ಜಿ. ನಮಗೆ ಅದು ಸ್ವಿಟ್ಜರ್ಲೆಂಡ್. ವೀಸಾ ಕೈಗೆ ಬಂದ ಮೇಲೆ ಎಲ್ಲ ಬುಕಿಂಗ್ ರದ್ದು ಮಾಡಿ ಬೇರೆ ದಾರಿ ಹಿಡಿಯುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಇಳಿದ ಕೂಡಲೇ ವಿಮಾನ ನಿಲ್ದಾಣದಲ್ಲೇ 'ಎಲ್ಲಿ ಉಳಿಯುತ್ತೀರಿ' ಅಂತ ಕೇಳಬಹುದು. ಕೇಳಿದರೆ ನಿಜವಾದ ಉತ್ತರ ಇರಬೇಕಲ್ವಾ?

ಹಾಗಾಗಿ ಇಲ್ಲಿಂದ ಹೋಗುವ ನಮ್ಮಂಥವರು ಯೋಚಿಸಬೇಕಾದ್ದು ಬುಕ್ ಮಾಡಬೇಕೋ ಬೇಡವೋ ಅಂತಲ್ಲ, ಎಂಥ ಬುಕಿಂಗ್ ಮಾಡಬೇಕು ಅಂತ. ಒಂದೇ ರೂಮಿಗೆ ಸಾಮಾನ್ಯವಾಗಿ ಎರಡು ದರ ಇರುತ್ತದೆ. ಕಡಿಮೆ ದರದ್ದು ರದ್ದಾದರೆ ದುಡ್ಡು ವಾಪಸಿಲ್ಲ. ಸ್ವಲ್ಪ ಜಾಸ್ತಿ ದರದ್ದನ್ನು ಇಂಥ ದಿನ, ಇಂಥ ಗಂಟೆಯವರೆಗೆ ಪುಕ್ಕಟೆ ರದ್ದು ಮಾಡಬಹುದು. ಕೊನೆಯ ರಾತ್ರಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಾನು ಎರಡನೇ ಥರದ್ದೇ ಮಾಡಿದೆ. ರದ್ದು ಮಾಡುವ ಗಡುವುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟ್ ಚೀಲದಲ್ಲಿಟ್ಟೆ. ಗಡುವು ಹೋಟೆಲ್ ಇರುವ ಊರಿನ ಸಮಯದ ಪ್ರಕಾರ ಅನ್ನುವುದು ನೆನಪಿರಲಿ. ಬೇಸಿಗೆಯಲ್ಲಿ ಅಲ್ಲಿ ಸಂಜೆ 6 ಗಂಟೆ ಅಂದರೆ ನಮಗೆ ರಾತ್ರಿ 9.30.

ಬುಕಿಂಗಿಗೂ ಮುಂಚೆ ನೋಡಬೇಕಾದ್ದು ಕ್ಯಾಲೆಂಡರ್. ಯಜಮಾನರಿಗೆ ಮ್ಯೂನಿಕ್ ನೋಡುವ ಆಸೆ ಬಹಳ ಇತ್ತು. ನಾವು ಅಲ್ಲಿರಬೇಕೆಂದುಕೊಂಡ 2025ರ ಮೇ 31ಕ್ಕೆ ರೂಮಿನ ಬೆಲೆ ನೋಡಿ ಅವರೇ ಸುಮ್ಮನಾದರು. ಅವತ್ತು ಅಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್. ಮ್ಯೂನಿಕ್ ಬಿಟ್ಟು ಇಟಲಿ ಸೇರಿಸಿದೆವು.

ಶನಿವಾರ, ಮೇ 24: ಪ್ಯಾರಿಸ್

ಬೆಂಗಳೂರಿನಿಂದ ನೇರ ವಿಮಾನ. ಬೆಳಿಗ್ಗೆ ಇಳಿದೆವು. ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ರೈಲಿಗೆ 2025ರಲ್ಲಿ ತಲೆಗೆ 13 ಯೂರೋ ಇತ್ತು. ಗಾರ್ ದ ಲಿಯೋನ್ ನಿಲ್ದಾಣದ ಪಕ್ಕದಲ್ಲೇ ರೂಮು ಹಿಡಿದಿದ್ದೆ. ಸೋಮವಾರ ಸ್ವಿಟ್ಜರ್ಲೆಂಡ್ ಕಡೆಯ ರೈಲು ಹೊರಡುವುದು ಅಲ್ಲಿಂದಲೇ.

ಹೋಟೆಲ್ ತಲುಪಿದಾಗ ಇನ್ನೂ ಹನ್ನೊಂದು ಗಂಟೆ. ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದ ಅತ್ತೆಯ ಕಾಲು ಊದಿಕೊಂಡಿತ್ತು. ಹೊರಡುವ ವಾರವೇ ನಾನು ಹೋಟೆಲಿಗೆ ಒಂದು ಇಮೇಲ್ ಹಾಕಿದ್ದೆ: ಜೊತೆಗೆ ಹಿರಿಯರಿದ್ದಾರೆ, ಸಾಧ್ಯವಾದರೆ ರೂಮು ಬೇಗ ಕೊಡಿ ಅಂತ. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಓದಿದ್ದಳು. ಲಗೇಜು ಒಳಗಿಡಿಸಿಕೊಂಡು, ಅತ್ತೆಗೆ ಒಂದು ಕುರ್ಚಿ ಹಾಕಿಸಿ, ಒಂದು ಗಂಟೆಗೆಲ್ಲ ಬೀಗದ ಕಾರ್ಡು ಕೈಗಿಟ್ಟಳು. ಹೇಳದೆ ಕೇಳದೆ ಬಂದು ನಿಂತವರಿಗೆ ಈ ಉಪಕಾರ ಸಿಗುವುದು ಕಷ್ಟ.

ಲಿಫ್ಟು ಒಬ್ಬರು ಮತ್ತು ಒಂದು ಪೆಟ್ಟಿಗೆ ಹಿಡಿಯುವಷ್ಟೇ ಅಗಲ. ಒಳಗೆ ಮಡಚುವ ಬಾಗಿಲು ಬೇರೆ. ಒಬ್ಬರೇ ಹತ್ತುವುದಕ್ಕೆ ಅತ್ತೆ ಒಪ್ಪಲಿಲ್ಲ. ಪೆಟ್ಟಿಗೆ ಕೆಳಗೇ ಬಿಟ್ಟು ನಾವಿಬ್ಬರೂ ಅಂಟಿಕೊಂಡು ನಿಂತು ಹೋದೆವು. ಯಜಮಾನರು ಮೆಟ್ಟಿಲು ಹತ್ತಿ ಬಂದರು. ರೂಮಿನಲ್ಲಿ ಮೂರು ಮಂಚ. ಒಂದು ಪೆಟ್ಟಿಗೆ ತೆರೆದರೆ ಇನ್ನೊಂದನ್ನು ಮುಚ್ಚಬೇಕು. ಆದರೂ ಮೂವರೂ ಒಂದೇ ರೂಮಿನಲ್ಲಿದ್ದೆವು, ಅದೇ ನನಗೆ ಬೇಕಿದ್ದದ್ದು.

ಈ ಮೂರು ಮಂಚದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಹೋಟೆಲಿಗೆ ಹೋದ ಮೇಲೆ 'ಒಂದು ಎಕ್ಸ್‌ಟ್ರಾ ಬೆಡ್ ಹಾಕಿ' ಅಂದರೆ ಆಗಿಹೋಗುತ್ತದೆ. ಅಲ್ಲಿ ಇಬ್ಬರ ರೂಮು ಅಂದರೆ ಇಬ್ಬರಿಗೇ. ಬೆಂಕಿ ಸುರಕ್ಷತೆಯ ನಿಯಮ ಇದೆ, ಮಂಚ ಹಾಕಲು ಜಾಗವೂ ಇರುವುದಿಲ್ಲ. ಮೂವರ, ನಾಲ್ವರ ರೂಮು ಒಂದು ಹೋಟೆಲಿನಲ್ಲಿ ಇದ್ದರೆ ಎರಡೋ ಮೂರೋ. ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅವೇ. ಗಂಡ ಹೆಂಡತಿ ಇಬ್ಬರೇ ಆದರೆ ಕೊನೆ ಗಳಿಗೆಯಲ್ಲೂ ಏನಾದರೂ ಸಿಕ್ಕೀತು. ಅಪ್ಪ ಅಮ್ಮನನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗುವವರು ಮೊದಲೇ ಹಿಡಿದಿಡಬೇಕು.

ಭಾನುವಾರ: ಪ್ಯಾರಿಸ್

ಬೆಳಿಗ್ಗೆ ಸೇನ್ ನದಿಯಲ್ಲಿ ದೋಣಿ, ಮಧ್ಯಾಹ್ನ ಐಫೆಲ್ ಗೋಪುರ. ಲಿಫ್ಟಿನ ಟಿಕೆಟನ್ನು ಮನೆಯಿಂದಲೇ ತೆಗೆದಿದ್ದೆವು.

ಸಂಜೆ ಹೋಟೆಲಿನ ಲಾಬಿಗೆ ಬಂದರೆ ಇಟ್ಟಿಗೆ ಬಣ್ಣದ ಟೀಶರ್ಟ್ ಹಾಕಿಕೊಂಡವರ ಗುಂಪು. ಎಲ್ಲರ ಎದೆಯ ಮೇಲೂ 'ಮೆರ್ಸಿ ರಾಫಾ', ಅಂದರೆ 'ಥ್ಯಾಂಕ್ಯೂ ರಾಫಾ', ಅನ್ನುವ ಅಕ್ಷರ. ಅವತ್ತು ಫ್ರೆಂಚ್ ಓಪನ್ ಟೆನಿಸ್ ಶುರು. ಅಲ್ಲೇ 14 ಸಲ ಗೆದ್ದಿದ್ದ ರಫೆಲ್ ನಡಾಲ್‌ಗೆ ಅಂಗಳದಲ್ಲಿ ದೊಡ್ಡ ಗೌರವ ಸಮಾರಂಭ ನಡೆದಿತ್ತು. ಅವರಲ್ಲೊಬ್ಬರು ಕೌಂಟರಿನಲ್ಲಿ ಇನ್ನೊಂದು ರಾತ್ರಿ ಇರಬಹುದಾ ಅಂತ ಕೇಳುತ್ತಿದ್ದರು. ಹುಡುಗಿ ತಲೆಯಾಡಿಸಿದಳು. ಎಲ್ಲ ಭರ್ತಿ. ಮ್ಯೂನಿಕ್‌ಗೆ ಫುಟ್‌ಬಾಲ್ ಆದರೆ ಪ್ಯಾರಿಸ್‌ಗೆ ಟೆನಿಸ್. ಮೇ ಕೊನೆಯಲ್ಲಿ ಅಲ್ಲಿಗೆ ಹೋಗುವವರು ಇದನ್ನು ಗಮನದಲ್ಲಿಡಿ.

ಬಿಲ್ಲಿನಲ್ಲಿ ಊರಿನ ತೆರಿಗೆ ಅಂತ ಬೇರೆ ಹಾಕುತ್ತಾರೆ. ತಲೆಗಿಷ್ಟು, ರಾತ್ರಿಗಿಷ್ಟು. ಬುಕ್ ಮಾಡುವಾಗ ಕಂಡ ಬೆಲೆಯಲ್ಲಿ ಅದು ಎಷ್ಟೋ ಸಲ ಸೇರಿರುವುದಿಲ್ಲ.

ಸೋಮವಾರ: ಲೌಟರ್‌ಬ್ರುನ್ನನ್

ಪ್ಯಾರಿಸ್‌ನಿಂದ ಬಾಸೆಲ್‌ಗೆ ಮೂರು ಗಂಟೆ, ಅಲ್ಲಿಂದ ಇಂಟರ್‌ಲಾಕನ್‌ಗೆ ಎರಡು ಗಂಟೆ, ಆಮೇಲೆ ಇಪ್ಪತ್ತು ನಿಮಿಷ. ಫ್ರಾನ್ಸಿನ ವೇಗದ ರೈಲಿಗೆ ಮೊದಲೇ ಟಿಕೆಟ್ ತೆಗೆದರೆ ಅಗ್ಗ. ಸ್ವಿಸ್ ರೈಲುಗಳಲ್ಲಿ ಸೀಟು ಕಾದಿರಿಸದೆ ಬಂದ ರೈಲು ಹತ್ತಬಹುದು.

ಲೌಟರ್‌ಬ್ರುನ್ನನ್ ಎರಡು ಬಂಡೆಗೋಡೆಗಳ ನಡುವಿನ ಕಣಿವೆ. ಸುಮಾರು 300 ಮೀಟರ್ ಎತ್ತರದಿಂದ ಬೀಳುವ ಸ್ಟೌಬಾಖ್ ಜಲಪಾತ ಊರೊಳಗಿಂದಲೇ ಕಾಣುತ್ತದೆ. ನಾವಿದ್ದದ್ದು ಒಂದು ಮರದ ಮನೆ, ಮನೆಯೊಡತಿಯೇ ನಡೆಸುವ ಅತಿಥಿಗೃಹ. ರೂಮಿಗೆ ಸೇರಿದ ಸಣ್ಣ ಅಡುಗೆಮನೆ ಇದೆ ಅಂತಲೇ ಅದನ್ನು ಆರಿಸಿದ್ದು. ಅತ್ತೆ ಹೊರಗಿನ ಊಟ ಮುಟ್ಟುವವರಲ್ಲ. ಬಂದ ಅರ್ಧ ಗಂಟೆಗೆ ಗೊಜ್ಜವಲಕ್ಕಿ ತಯಾರು. ಇಂಡಕ್ಷನ್ ಒಲೆಯ ಮೇಲೆ ಇಂಗಿನ ಒಗ್ಗರಣೆ ಬಿದ್ದಾಗ ಮನೆಯೊಡತಿ ಬಾಗಿಲು ತಟ್ಟಿ ಏನದು ವಾಸನೆ ಅಂತ ಕೇಳಿದರು. ಒಂದು ಬಟ್ಟಲು ಕೊಟ್ಟೆವು. ಪೂರ್ತಿ ತಿಂದರು.

ಮಂಗಳವಾರ: ಮಳೆ

ಬೆಳಿಗ್ಗೆಯಿಂದ ಮಳೆ. ಮೋಡ ಕಣಿವೆಯ ಅರ್ಧಕ್ಕೆ ಇಳಿದಿತ್ತು. ಯುಂಗ್‌ಫ್ರೌ ಹಿಮಶಿಖರದ ಕಡೆ ಮೇಲೆ ಹೋದರೆ ಬಿಳಿ ಮಂಜು ಬಿಟ್ಟು ಏನೂ ಕಾಣಲ್ಲ ಅಂತ ಮನೆಯೊಡತಿ ಹೇಳಿದ್ದರಿಂದ ಸುಮ್ನೆ ಉಳಿದೆವು.

ಮೊಸರು ತರಲು ನಿಲ್ದಾಣದ ಹತ್ತಿರದ ಕೋಪ್ ಅಂಗಡಿಗೆ ಹೋದೆ. ಅಲ್ಲಿ ಹಿಂದಿನಿಂದ ಒಂದು ದನಿ: "ಅಕ್ಕಾರ, ನೀವು ಮೈಸೂರು ಕಡೆಯವ್ರೇನ್ರಿ?" ನಾನು ಫೋನಿನಲ್ಲಿ ಮಾತಾಡಿದ್ದು ಕೇಳಿಸಿತ್ತಂತೆ. ಧಾರವಾಡದ ಹುಡುಗ, ಜೊತೆಗೆ ಅವನ ಹೆಂಡತಿ. ಇಬ್ಬರಿಗೂ ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ. ಅಲ್ಲಿಂದಲೇ ಕಾರು ಓಡಿಸಿಕೊಂಡು ಬಂದಿದ್ದರು.

ಎಲ್ಲಿ ಉಳಿದಿದ್ದೀರಿ ಅಂತ ಕೇಳಿದೆ.

"ನಮಗ ಬುಕಿಂಗ್ ಗಿಕಿಂಗ್ ಏನೂ ಇಲ್ರಿ. ಕಾರ್ ಐತಿ. ಎಲ್ಲಿ ಚಲೋ ಅನಸ್ತದ ಅಲ್ಲೇ ನಿಂದರತೀವಿ. ನಿನ್ನೆ ರಾತ್ರಿ ಇಲ್ಲೇ ಇಂಟರ್‌ಲಾಕನ್‌ದಾಗ ಅರ್ಧ ರೇಟಿಗೆ ರೂಮ್ ಸಿಕ್ತು ನೋಡ್ರಿ."

ಅದು ನಂಬುವಂಥದ್ದೇ. ಪುಕ್ಕಟೆ ರದ್ದು ಮಾಡುವ ಗಡುವು ಹತ್ತಿರ ಬಂದಾಗ, ಮಳೆ ಮುನ್ಸೂಚನೆ ನೋಡಿದವರು ಬುಕಿಂಗ್ ಕೈಬಿಡುತ್ತಾರೆ. ಆ ರೂಮುಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ವಾರದ ನಡುವೆ ಆದರೆ ಹೋಟೆಲಿನವರು ಬೆಲೆಯನ್ನೂ ಇಳಿಸುತ್ತಾರೆ. ಅವರಿಬ್ಬರೇ, ಬೆನ್ನಿಗೊಂದು ಚೀಲ, ಕೈಯಲ್ಲಿ ಕಾರು. ಅಲ್ಲಿನ ವಾಸದ ಪರವಾನಗಿ ಇರುವುದರಿಂದ ವೀಸಾದ ಕಾಗದದ ಗೋಜೂ ಇಲ್ಲ. ಆ ವಯಸ್ಸಿಗೆ ಆ ಪ್ರವಾಸ ಚೆಂದ.

ಆ ಮಾತು ಕೇಳಿ ಬಂದವಳು ಮಳೆ ನೋಡುತ್ತಾ ನಮ್ಮ ಮುಂದಿನ ಬುಕಿಂಗ್‌ಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಮಿಲಾನ್‌ನಲ್ಲಿ ಅದೇ ಹೋಟೆಲ್, ಅದೇ ರೂಮು, ನಾವು ಹಿಡಿದದ್ದಕ್ಕಿಂತ ಸಾಕಷ್ಟು ಕಡಿಮೆ ಬೆಲೆಗೆ ಇತ್ತು. ಮಿಲಾನ್ ವ್ಯಾಪಾರದ ಊರು. ಜೂನ್ 2 ಇಟಲಿಯ ಗಣರಾಜ್ಯ ದಿನ, ಅವತ್ತು ಸೋಮವಾರ. ಕೆಲಸಕ್ಕೆ ಬಂದವರೆಲ್ಲ ಶುಕ್ರವಾರವೇ ಊರು ಬಿಡುತ್ತಾರೆ. ಮೊದಲು ಹೊಸದನ್ನು ಬುಕ್ ಮಾಡಿ, ಕಾಗದ ಬಂದ ಮೇಲೆ ಹಳೆಯದನ್ನು ರದ್ದು ಮಾಡಿದೆ. ಇದೇ ಕ್ರಮದಲ್ಲಿ ಮಾಡಬೇಕು, ಉಲ್ಟಾ ಮಾಡಿದರೆ ನಡುವೆ ರೂಮು ಇನ್ನೊಬ್ಬರ ಪಾಲಾಗಬಹುದು. "ತರಕಾರಿಯವನ ಹತ್ರ ಚೌಕಾಸಿ ಮಾಡಿದ ಹಾಗಾಯ್ತು" ಅಂದರು ಅತ್ತೆ. ಉಳಿದ ಯೂರೋದಲ್ಲಿ ವೆನಿಸ್‌ನಲ್ಲಿ ಅವರಿಗೆ ಗಾಜಿನ ಮಣಿಸರ ಅಂತ ಅಲ್ಲೇ ತೀರ್ಮಾನವಾಯಿತು.

ಬುಧವಾರ: ಮೋಡ

ಬೆಳಿಗ್ಗೆ ಟ್ರುಮ್ಮೆಲ್‌ಬಾಖ್‌ಗೆ ಹೋದೆವು. ಹಿಮನದಿಗಳ ನೀರು ಬೆಟ್ಟದ ಹೊಟ್ಟೆಯೊಳಗೇ ಜಲಪಾತವಾಗಿ ಧುಮುಕುವ ಜಾಗ. ಮೇಲಕ್ಕೆ ಹೋಗಲು ಬಂಡೆಯೊಳಗೇ ಲಿಫ್ಟ್ ಇದೆ. ಆ ಸದ್ದಿಗೆ ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು.

ವಾಪಸು ಬಂದಾಗ ಮನೆಯೊಡತಿ ಟಿವಿ ಮುಂದೆ ನಿಂತಿದ್ದರು, ಕಣ್ಣು ತುಂಬಿತ್ತು. ದಕ್ಷಿಣಕ್ಕೆ, ಬೆಟ್ಟದ ಆಚೆ ಪಕ್ಕದ ವಲೈಸ್ ಪ್ರಾಂತ್ಯದಲ್ಲಿ ಬಿರ್ಶ್ ಹಿಮನದಿ ಕುಸಿದು, ಬ್ಲಾಟನ್ ಅನ್ನುವ ಹಳ್ಳಿಯ ಬಹುಪಾಲು ಮಣ್ಣಿನಡಿ ಹೋಗಿತ್ತು. ಅಲ್ಲಿನ ಸುಮಾರು 300 ಜನರನ್ನು ಕೆಲವು ದಿನ ಮೊದಲೇ ಹೊರಗೆ ಕರೆತಂದಿದ್ದರು. ಆದರೂ ಒಬ್ಬರು ಕಾಣೆ. ಮನೆಗಳಂತೂ ಹೋದವು. ಊಟ ಮುಗಿಯುವವರೆಗೂ ನಾವು ರೂಮಿನ ಮಾತನ್ನೇ ಎತ್ತಲಿಲ್ಲ. ಅತ್ತೆ ಅವರ ಪಕ್ಕದಲ್ಲಿ ಹೋಗಿ ಕೂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಬಹಳ ಹೊತ್ತು ಹಾಗೇ ಕೂತಿದ್ದರು.

ಊಟವಾದ ಮೇಲೆ ಮನೆಯೊಡತಿಯೇ ಬಂದು ನಾಳೆ ಬಿಸಿಲು, ಯುಂಗ್‌ಫ್ರೌಗೆ ನಾಳೆಯೇ ಹೋಗಿ ಅಂದರು. ಗುರುವಾರ ಬೆಳಿಗ್ಗೆ ನಾವು ಲುಸರ್ನ್‌ಗೆ ಹೊರಡಬೇಕಿತ್ತು. ಇನ್ನೊಂದು ರಾತ್ರಿ ಇಲ್ಲೇ ಇರಬಹುದಾ ಅಂತ ಕೇಳಿದೆವು. ಜಾಗವಿಲ್ಲ. ಆ ಗುರುವಾರ ಯೇಸುವಿನ ಸ್ವರ್ಗಾರೋಹಣದ ಹಬ್ಬ. ಈಸ್ಟರ್ ದಿನವನ್ನೂ ಸೇರಿಸಿ ಎಣಿಸಿದರೆ ನಲವತ್ತನೇ ದಿನ ಬರುತ್ತದೆ, ಯಾವಾಗಲೂ ಗುರುವಾರವೇ. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾ ಎಲ್ಲ ಕಡೆ ರಜೆ. ಶುಕ್ರವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ ಬಿಡುವು. ಇಡೀ ಕಣಿವೆ ಭರ್ತಿಯಾಗಿತ್ತು. ನಮ್ಮಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಅಂತ ಮೇನಲ್ಲಿ ಹೊರಡುವವರು ಈ ಗುರುವಾರ ಯಾವತ್ತು ಅಂತ ಮೊದಲು ಹುಡುಕಿಕೊಳ್ಳಿ.

ಲುಸರ್ನ್ ರೂಮು ಕೈಯಲ್ಲಿತ್ತಲ್ಲ, ಅದೇ ನಮಗೆ ಆಧಾರ. ಬೆಳಿಗ್ಗೆ ಲಗೇಜು ಇಲ್ಲೇ ಬಿಟ್ಟು ಮೇಲೆ ಹೋಗಿಬರುವುದು, ಸಂಜೆ ಹೊರಟು ರಾತ್ರಿ ಲುಸರ್ನ್ ಸೇರುವುದು ಅಂತ ಮನೆಯೊಡತಿ ದಾರಿ ಹೇಳಿದರು. ಲುಸರ್ನ್ ಹೋಟೆಲಿಗೆ ತಡವಾಗುತ್ತದೆ ಅಂತ ಅವರೇ ಜರ್ಮನ್‌ನಲ್ಲಿ ಫೋನ್ ಮಾಡಿದರು. ಕೌಂಟರ್ ಎಂಟಕ್ಕೆ ಮುಚ್ಚುತ್ತದೆ, ಕೀ ಪೆಟ್ಟಿಗೆಯ ನಂಬರ್ ಕಳಿಸುತ್ತೇವೆ ಅಂತ ಉತ್ತರ ಬಂತು.

ಗುರುವಾರ: ಯುಂಗ್‌ಫ್ರೌ, ಲುಸರ್ನ್

ಆಕಾಶ ತೊಳೆದಿಟ್ಟಂತಿತ್ತು. ವೆಂಗನ್, ಕ್ಲೈನೆ ಶೈಡೆಗ್ ದಾಟಿ 1912ರಲ್ಲಿ ಪೂರ್ತಿಯಾದ ಸುರಂಗದ ರೈಲಿನಲ್ಲಿ 3,454 ಮೀಟರ್ ಎತ್ತರದ ನಿಲ್ದಾಣಕ್ಕೆ. ಅಲ್ಲಿ ಗಾಳಿ ತೆಳು, ಅತ್ತೆ ಹತ್ತು ಹೆಜ್ಜೆಗೊಮ್ಮೆ ನಿಂತರು. ಹೊರಗೆ ಬಂದು ಆಲೆಟ್ಷ್ ಹಿಮನದಿ ಕಂಡಾಗ ಚಪ್ಪಲಿಯ ಬದಲು ಹಾಕಿದ್ದ ಹೊಸ ಬೂಟಿನಿಂದ ಹಿಮ ಒತ್ತಿ ನೋಡಿದರು. ಆಮೇಲೆ ಬಗ್ಗಿ ಒಂದು ಮುಷ್ಟಿ ತೆಗೆದು ಕಣ್ಣಿಗೊತ್ತಿಕೊಂಡರು. ಕೈಲಾಸ ನೋಡಬೇಕು ಅನ್ನುವ ಆಸೆ ಅವರಿಗೆ ಮೊದಲಿಂದಲೂ ಇತ್ತು. ಈ ಹೊತ್ತಿಗೋಸ್ಕರ ರಾತ್ರಿ ತಡವಾದರೆ ಆಗಲಿ ಅನ್ನಿಸಿತು.

ಲುಸರ್ನ್‌ಗೆ ಬಂದಾಗ ಒಂಬತ್ತು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಹೋಟೆಲ್ ಬಾಗಿಲು ಮುಚ್ಚಿತ್ತು. ಗೋಡೆಯಲ್ಲಿ ಅಂಗೈಯಷ್ಟು ಕಬ್ಬಿಣದ ಪೆಟ್ಟಿಗೆ, ನಾಲ್ಕು ಅಂಕಿಯ ಗುಂಡಿ. ನಂಬರ್ ಇಮೇಲಿಗೆ ಬಂದಿರಲಿಲ್ಲ, ಬುಕಿಂಗ್ ಆ್ಯಪಿನ ಸಂದೇಶದಲ್ಲಿತ್ತು. ಯಜಮಾನರು ಮೊಬೈಲ್ ಟಾರ್ಚ್ ಹಿಡಿದರು, ನಾನು ಒತ್ತಿದೆ. ಒಳಗೊಂದು ಲಕೋಟೆ, ಮೇಲೆ ನಮ್ಮ ಹೆಸರು, ಒಳಗೆ ಕೀ, ಲಿಫ್ಟ್ ಎಲ್ಲಿದೆ ಅನ್ನುವುದಕ್ಕೆ ಪೆನ್ನಿನಲ್ಲಿ ಬರೆದ ಬಾಣದ ಗುರುತು. ಸಣ್ಣ ಹೋಟೆಲುಗಳಲ್ಲಿ ರಾತ್ರಿ ಕಾಯುವವರು ಇರುವುದಿಲ್ಲ. ತಡವಾದರೆ ಹಿಂದಿನ ದಿನವೇ ಹೇಳಬೇಕು. ಹೇಳದೆ ತಡಮಾಡಿದರೆ ಬರಲಿಲ್ಲ ಅಂತ ದುಡ್ಡು ಹಿಡಿದುಕೊಳ್ಳುವುದೂ ಉಂಟು.

ಶುಕ್ರವಾರ: ಮಿಲಾನ್

ಬೆಳಿಗ್ಗೆ ಮರದ ಚಾಪೆಲ್ ಸೇತುವೆ ಮೇಲೆ ಒಂದು ಸುತ್ತು, ಆಮೇಲೆ ರೈಲು. 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗದಿಂದ ಹೊರಬಂದ ಮೇಲೆ ಊರುಗಳ ಹೆಸರೆಲ್ಲ ಇಟಾಲಿಯನ್. ಮಿಲಾನ್ ನಿಲ್ದಾಣದ ತುಂಬ ಕಪ್ಪು ನೀಲಿ ಪಟ್ಟೆಯ ಅಂಗಿಯವರು, ಮಿಲಾನ್‌ನದೇ ಆದ ಇಂಟರ್ ಫುಟ್‌ಬಾಲ್ ತಂಡದ ಅಭಿಮಾನಿಗಳು, ಫೈನಲ್ ನೋಡಲು ಮ್ಯೂನಿಕ್‌ಗೆ ಹೊರಟವರು. ಅಷ್ಟು ಜನರಿಗೆ ಅಲ್ಲಿ ಮಲಗಲು ಜಾಗ ಎಲ್ಲಿಯದು ಅಂದುಕೊಂಡೆ. ನಮ್ಮ ಅಗ್ಗದ ರೂಮು ನಿಲ್ದಾಣದಿಂದ ಐದು ನಿಮಿಷ, ಶಾಂತವಾಗಿತ್ತು.

ಶನಿವಾರ, ಭಾನುವಾರ: ಮೆಸ್ತ್ರೆ, ವೆನಿಸ್

ವೆನಿಸ್ ದ್ವೀಪದೊಳಗೆ ಉಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ಹೆಜ್ಜೆಹೆಜ್ಜೆಗೂ ಮೆಟ್ಟಿಲ ಸೇತುವೆ. ಮಂಡಿ ನೋವಿನವರು, ಪೆಟ್ಟಿಗೆ ಎಳೆಯುವವರು ಯೋಚಿಸಬೇಕು. ನಾವು ನೆಲದ ಕಡೆಯ ಮೆಸ್ತ್ರೆಯಲ್ಲಿ, ನಿಲ್ದಾಣದ ಎದುರೇ ಉಳಿದೆವು. ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ ಅಷ್ಟೆ.

ಬುಕಿಂಗಿನಿಂದ ಇಲ್ಲಿ ಇನ್ನೊಂದು ಲಾಭ. 2024ರಿಂದ, ಗೊತ್ತುಮಾಡಿದ ದಿನಗಳಲ್ಲಿ ಹಗಲು ಬಂದುಹೋಗುವವರಿಗೆ ವೆನಿಸ್ ಪ್ರವೇಶ ಶುಲ್ಕ ಹಾಕುತ್ತಿದೆ. 2025ರಲ್ಲಿ ಮೊದಲೇ ಕಟ್ಟಿದರೆ 5 ಯೂರೋ, ಕೊನೆಯ ದಿನಗಳಲ್ಲಿ 10. ಆ ಊರಿನ ಹೋಟೆಲಿನಲ್ಲಿ ಉಳಿದವರಿಗೆ ಶುಲ್ಕವಿಲ್ಲ. ಮೆಸ್ತ್ರೆಯೂ ವೆನಿಸ್ ಪುರಸಭೆಯೊಳಗೇ ಬರುತ್ತದೆ. ಆದರೆ ವಿನಾಯಿತಿಗೆ ಹೆಸರು ನೋಂದಾಯಿಸಿ ಕ್ಯೂಆರ್ ಕೋಡ್ ತೆಗೆದುಕೊಂಡಿರಬೇಕು. ಹೋಟೆಲಿನವರೇ ಮಾಡಿಕೊಟ್ಟರು.

ರಾತ್ರಿ ಹೋಟೆಲಿನ ಟಿವಿಯಲ್ಲಿ ಫೈನಲ್. ಪ್ಯಾರಿಸ್ ತಂಡ 5-0 ಗೋಲಿನಿಂದ ಇಂಟರ್ ತಂಡವನ್ನು ಸೋಲಿಸಿತು. ಲಾಬಿಯಲ್ಲಿ ಯಾರೂ ಮಾತಾಡಲಿಲ್ಲ.

ಭಾನುವಾರ ದೋಣಿ ಬಸ್ಸಿನಲ್ಲಿ ಸುತ್ತಿ, ಮಣಿಸರ ಕೊಂಡು, ರಾತ್ರಿ ವಿಯೆನ್ನಾ ರೈಲು ಹತ್ತಿದೆವು. ಮೂವರ ಮಲಗುವ ಕೋಣೆಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿದಿದ್ದೆವು. ಅದೇ ಒಂದು ರಾತ್ರಿಯ ಹೋಟೆಲ್. ರಾತ್ರಿ ರೈಲಿನ ಮಲಗುವ ಕೋಣೆಗಳನ್ನು ಕೊನೆ ಗಳಿಗೆಗೆ ಬಿಡಲೇಬಾರದು, ಬಹಳ ಬೇಗ ಮುಗಿಯುತ್ತವೆ.

ಸೋಮವಾರ: ವಿಯೆನ್ನಾ

ಇಲ್ಲಿನ ರೂಮೊಂದೇ ದುಡ್ಡು ವಾಪಸಿಲ್ಲದ ಅಗ್ಗದ ದರದ್ದು. ಮಾರನೇ ದಿನ ವಿಮಾನ, ಇವತ್ತು ಇಲ್ಲಿರಲೇಬೇಕು. ಬದಲಾಗದ ರಾತ್ರಿಗೆ ಬದಲಾಯಿಸುವ ಸೌಲಭ್ಯಕ್ಕೆ ಯಾಕೆ ಜಾಸ್ತಿ ಕೊಡಬೇಕು?

ನಾಶ್‌ಮಾರ್ಕ್ಟ್ ಸಂತೆಯಲ್ಲಿ ಅತ್ತೆ ಏಲಕ್ಕಿಯ ಬೆಲೆ ಕೇಳಿ ಬೆಚ್ಚಿಬೀಳುತ್ತಿದ್ದಾಗ ಧಾರವಾಡದ ಹುಡುಗನ ಸಂದೇಶ ಬಂತು. ಬುಧವಾರ ರಾತ್ರಿ ಅವರಿಗೆ ಇಂಟರ್‌ಲಾಕನ್ ಸುತ್ತಮುತ್ತ ಎಲ್ಲೂ ರೂಮು ಸಿಗದೆ, ಬರ್ನ್ ದಾಟಿ ಹೋಗಿ ಒಂದು ಹಳ್ಳಿಯಲ್ಲಿ ಮಲಗಿದರಂತೆ. 'ನಮಗ ಅಡ್ಡಿ ಇಲ್ರಿ ಅಕ್ಕಾರ, ಆದ್ರ ಆಗಸ್ಟ್‌ನಾಗ ಅಪ್ಪ ಅವ್ವ ಬರಾಕತ್ತಾರ. ಆ ಅಡಗಿಮನಿ ಇದ್ದ ಮನಿ ಹೆಸರು ಹೇಳ್ರಿ.'

ಹೆಸರು, ಫೋನ್ ನಂಬರ್ ಕಳಿಸಿದೆ. ಆಗಸ್ಟ್ 1 ಸ್ವಿಸ್ ರಾಷ್ಟ್ರೀಯ ದಿನ, ಇಟಲಿ ಕಡೆ ಹೋದರೆ 15ಕ್ಕೆ ಅವರ ದೊಡ್ಡ ರಜೆ, ಅವೆರಡನ್ನೂ ತಪ್ಪಿಸಿ, ನಾಲ್ವರ ರೂಮು ಇವತ್ತೇ ಹಿಡಿ ಅಂತ ಬರೆದೆ. ಒಂದು ಗಂಟೆ ಬಿಟ್ಟು ಉತ್ತರ ಬಂತು. ಅವರು ಕೇಳಿದ ವಾರ ಭರ್ತಿ, ಅದರ ಮುಂದಿನ ವಾರದಲ್ಲಿ ಮೂರು ರಾತ್ರಿ ಸಿಕ್ಕಿದೆ, ಅವ್ವನ ವಿಮಾನದ ಟಿಕೆಟ್ಟನ್ನು ಅದಕ್ಕೆ ಸರಿಯಾಗಿ ತೆಗೆಯುತ್ತೇವೆ ಅಂತ.